ಅಂಚೆಯಣ್ಣ ಪೊಲೀಸ್ ಮುಖ್ಯಸ್ಥನಾದ ಕಥೆ: ಆಗಸ್ಟ್ ವೋಲ್ಮರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ವೋಲ್ಮರ್ ಯಾರು?

ಕ್ಯಾಲಿಫೋರ್ನಿಯಾದ ಬರ್ಕ್ಲಿ ಎಂಬ ಊರಿನ ಪೊಲೀಸ್ ಮುಖ್ಯಸ್ಥರಾಗಿದ್ದವರು. 1905ರಲ್ಲಿ ಊರಿನ ಮಾರ್ಷಲ್ (ಕಾನೂನು ಕಾಯುವ, ಜನರೇ ಆರಿಸುವ ಅಧಿಕಾರಿ) ಆಗಿ ಚುನಾಯಿತರಾದರು, 1909ರಲ್ಲಿ ಅಲ್ಲಿನ ಮೊದಲ ಪೊಲೀಸ್ ಮುಖ್ಯಸ್ಥರಾದರು, 1932ರಲ್ಲಿ ನಿವೃತ್ತರಾದರು. ಅಮೆರಿಕದಲ್ಲಿ ಅವರನ್ನು ಆಧುನಿಕ ಪೊಲೀಸ್ ವ್ಯವಸ್ಥೆಯ ಜನಕ ಎಂದು ಕರೆಯುವುದು ವಾಡಿಕೆ. ಪೊಲೀಸರಿಗೆ ತರಬೇತಿ ಶಾಲೆ, ಕಾರಿನಲ್ಲಿ ಗಸ್ತು, ಅಪರಾಧದ ಜಾಡನ್ನು ವಿಜ್ಞಾನದಿಂದ ಹಿಡಿಯುವುದು, ಕಾಲೇಜು ಓದಿದವರನ್ನು ಪೇದೆಗಳಾಗಿ ಸೇರಿಸಿಕೊಳ್ಳುವುದು, ಸುಳ್ಳುಪತ್ತೆ ಯಂತ್ರ ಇವೆಲ್ಲಕ್ಕೂ ಅವರ ಹೆಸರು ಅಂಟಿಕೊಂಡಿದೆ. ಇವುಗಳಲ್ಲಿ ಕೆಲವನ್ನು ಅವರೇ ಹುಟ್ಟುಹಾಕಿದರು. ಉಳಿದವನ್ನು ಬೇರೆ ಕಡೆಯಿಂದ ತಂದು ತಮ್ಮ ಊರಿಗೆ ಒಗ್ಗಿಸಿದರು.

ಅವರು ಎಷ್ಟು ಓದಿದ್ದರು?

ಪೊಲೀಸರಿಗೆ ಪದವಿ ಬೇಕು ಎಂದು ಜೀವನವಿಡೀ ವಾದಿಸಿದ ಈ ಮನುಷ್ಯ ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಿರಲಿಲ್ಲ. 1876ರ ಮಾರ್ಚ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಜರ್ಮನಿಯಿಂದ ವಲಸೆ ಬಂದ ತಂದೆತಾಯಿಗಳಿಗೆ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಸ್ವಲ್ಪ ಕಾಲ ಜರ್ಮನಿಗೆ ಹೋಗಿ, ಮತ್ತೆ ನ್ಯೂ ಆರ್ಲಿಯನ್ಸ್‌ಗೆ ಬಂದು, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ, ಕೊನೆಗೆ ಕೊಲ್ಲಿಯ ಆಚೆ ದಡದ ಬರ್ಕ್ಲಿಗೆ ಬಂದು ನೆಲೆಸಿದರು. ಹುಡುಗ ಕಲಿತದ್ದು ಪ್ರಾಥಮಿಕ ಶಾಲೆಯ ಪಾಠ, ಅದರ ಮೇಲೆ ಲೆಕ್ಕ ಬರೆಯುವುದು, ಟೈಪಿಂಗ್ ಮತ್ತು ಶೀಘ್ರಲಿಪಿ, ಅಷ್ಟೆ. ಹದಿಹರೆಯ ದಾಟುವ ಹೊತ್ತಿಗೆ ಗೆಳೆಯನೊಬ್ಬನ ಜೊತೆ ಸೇರಿ ಹುಲ್ಲು, ಧಾನ್ಯ, ಸೌದೆ, ಕಲ್ಲಿದ್ದಲು ಮಾರುವ ಅಂಗಡಿ ಇಟ್ಟಿದ್ದರು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ಕಟ್ಟುವುದರಲ್ಲೂ ಅವರ ಕೈಯಿತ್ತು.

ಮುಂದೆ ಅವರು ಶಿಕಾಗೊ ವಿಶ್ವವಿದ್ಯಾಲಯದಲ್ಲೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕರಾದರು. ಓದಿನ ಬಗ್ಗೆ ಅವರಿಗಿದ್ದ ಗೌರವದಲ್ಲಿ ತಾನು ಓದಲಿಲ್ಲವಲ್ಲ ಎಂಬ ಕೊರಗಿನ ಪಾಲೂ ಇತ್ತು ಎಂದು ನನಗೆ ಅನಿಸುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರ ಬಾಗಿಲು ತಟ್ಟಿ ಪ್ರಶ್ನೆ ಕೇಳಲು ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ.

ಸೈನ್ಯದಲ್ಲಿ ಇದ್ದರಂತೆ, ನಿಜವೇ?

ನಿಜ. 1898ರಲ್ಲಿ ಸ್ಪೇನ್ ಮತ್ತು ಅಮೆರಿಕದ ನಡುವೆ ಯುದ್ಧ ಶುರುವಾದಾಗ ಸೇನೆಗೆ ಸೇರಿ ಫಿಲಿಪ್ಪೀನ್ಸ್‌ಗೆ ಹೋದರು. ಮನಿಲಾ ವಶವಾದಾಗ ಅಲ್ಲಿದ್ದರು. ಆಮೇಲೆ ನದಿಗಳಲ್ಲಿ ಓಡಾಡುವ ತೋಪುದೋಣಿಗಳಲ್ಲಿ ಕೆಲಸ ಮಾಡಿ, 1899ರಲ್ಲಿ ವಾಪಸಾದರು. ಈ ಒಂದು ವರ್ಷವನ್ನು ಹಳೆಯ ಜೀವನಚಿತ್ರಗಳು ಎರಡು ಸಾಲಿನಲ್ಲಿ ಮುಗಿಸುತ್ತಿದ್ದವು. ಈಗಿನ ವಿದ್ವಾಂಸರು ಹಾಗೆ ಬಿಡುವುದಿಲ್ಲ. ಕಾರಣವನ್ನು ಮುಂದೆ ಟೀಕೆಗಳ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಅಂಚೆ ಹಂಚುತ್ತಿದ್ದವರು ಮಾರ್ಷಲ್ ಆದದ್ದು ಹೇಗೆ?

ಒಂದು ರೈಲು ಬೋಗಿಯ ದೆಸೆಯಿಂದ. ಯುದ್ಧದಿಂದ ಬಂದ ಮೇಲೆ ವೋಲ್ಮರ್ ಬರ್ಕ್ಲಿಯಲ್ಲಿ ಅಂಚೆ ಹಂಚುವ ಕೆಲಸ ಹಿಡಿದಿದ್ದರು. 1904ರಲ್ಲಿ ಒಂದು ದಿನ ಸರಕು ತುಂಬಿದ ತೆರೆದ ಬೋಗಿಯೊಂದು ಕೊಂಡಿ ಕಳಚಿಕೊಂಡು ಶಾಟಕ್ ಅವೆನ್ಯೂವಿನ ಇಳಿಜಾರಿನಲ್ಲಿ ತಾನೇ ತಾನಾಗಿ ಉರುಳತೊಡಗಿತು. ಕೆಳಗೆ ನಿಲ್ದಾಣದಲ್ಲಿ ಪ್ರಯಾಣಿಕರ ರೈಲು ನಿಂತಿತ್ತು. ಅಂಚೆ ಹಂಚುತ್ತಿದ್ದ ವೋಲ್ಮರ್ ಓಡಿ ಬೋಗಿಗೆ ಹಾರಿ, ಕೈಬ್ರೇಕ್ ತಿರುಗಿಸಿ, ಡಿಕ್ಕಿಯಾಗುವ ಮೊದಲೇ ಅದನ್ನು ನಿಲ್ಲಿಸಿದರು. ಊರಿಗೆ ಊರೇ ಅವರ ಹೆಸರು ಹೇಳುವಂತಾಯಿತು.

ಆಗ ಊರಿನ ಪತ್ರಿಕೆಯ ಸಂಪಾದಕ ಫ್ರೆಂಡ್ ರಿಚರ್ಡ್‌ಸನ್, ಮಾರ್ಷಲ್ ಹುದ್ದೆಗೆ ನಿಲ್ಲು ಎಂದು ಹುರಿದುಂಬಿಸಿದರು. ಇದೇ ರಿಚರ್ಡ್‌ಸನ್ 1923ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದರು. ಜೂಜುಕಟ್ಟೆಗಳೂ ಅಫೀಮಿನ ಅಡ್ಡೆಗಳೂ ಮಾಮೂಲಿ ಕೊಟ್ಟು ನೆಮ್ಮದಿಯಿಂದ ನಡೆಯುತ್ತಿದ್ದ ಕಾಲ ಅದು. 1905ರ ಏಪ್ರಿಲ್‌ನಲ್ಲಿ ವೋಲ್ಮರ್ ದೊಡ್ಡ ಅಂತರದಲ್ಲಿ ಗೆದ್ದರು. ವಯಸ್ಸು 29. ಪೊಲೀಸ್ ಕೆಲಸದ ಅನುಭವ ಸೊನ್ನೆ.

ಮೊದಲು ಬದಲಾಯಿಸಿದ್ದು ಏನನ್ನು?

ಕಾಲ್ನಡಿಗೆಯನ್ನು. ಗುಡ್ಡದ ಇಳಿಜಾರಿನಲ್ಲಿ ಹರಡಿಕೊಂಡಿದ್ದ ಊರು, ಕೈಯಲ್ಲಿ ಬೆರಳೆಣಿಕೆಯ ಪೇದೆಗಳು. ಹಾಗಾಗಿ ಅವರನ್ನು ಸೈಕಲ್ ಮೇಲೆ ಕೂರಿಸಿದರು. ಆದರೆ ಸೈಕಲ್ ಮೇಲೆ ಗಸ್ತು ತಿರುಗುವವನನ್ನು ಠಾಣೆಯಿಂದ ಕರೆಯುವುದು ಹೇಗೆ? ಆಗ ಮೊಬೈಲ್ ಹಾಗಿರಲಿ, ವೈರ್‌ಲೆಸ್ ಕೂಡ ಇರಲಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ ಕೆಂಪು ದೀಪ. ಊರಿನ ಮುಖ್ಯ ಕೂಡುರಸ್ತೆಗಳ ಮೇಲೆ ದೀಪ ತೂಗುಹಾಕಿದರು. ಸ್ವಿಚ್ ಠಾಣೆಯಲ್ಲಿತ್ತು. ದೂರು ಬಂದ ತಕ್ಷಣ ಆಯಾ ಬೀಟಿನ ದೀಪ ಹೊತ್ತಿಕೊಳ್ಳುತ್ತಿತ್ತು. ಅದನ್ನು ಕಂಡ ಪೇದೆ ಹತ್ತಿರದ ಪೆಟ್ಟಿಗೆಯಲ್ಲಿದ್ದ ಫೋನ್ ಎತ್ತಿ ಏನಾಯಿತು ಎಂದು ಕೇಳುತ್ತಿದ್ದ. ಇದು 1906ರ ಮಾತು.

ಅದೇ ವರ್ಷ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪವಾಯಿತು. ಮನೆಮಠ ಸುಟ್ಟುಹೋದ ಸಾವಿರಾರು ಜನ ಕೊಲ್ಲಿ ದಾಟಿ ಬರ್ಕ್ಲಿಗೆ ಬಂದರು. ಅಷ್ಟು ಜನರನ್ನು ಸಂಭಾಳಿಸಲು ವೋಲ್ಮರ್ ಊರಿನ ಸ್ವಯಂಸೇವಕರಿಗೇ ಪೊಲೀಸ್ ಅಧಿಕಾರ ಕೊಟ್ಟು ಬೀದಿಗಿಳಿಸಿದರು.

ಮುಂದಿನ ದಶಕದಲ್ಲಿ ಸೈಕಲ್‌ನ ಜಾಗಕ್ಕೆ ಮೋಟಾರ್ ಸೈಕಲ್, ಅದರ ಬೆನ್ನಿಗೇ ಕಾರು ಬಂದವು. ಪೇದೆಗಳು ಸ್ವಂತ ಕಾರನ್ನೇ ಓಡಿಸಬೇಕು, ಊರಾಡಳಿತ ಭತ್ಯೆ ಕೊಡಬೇಕು ಎಂಬುದು ಏರ್ಪಾಡು. 1920ರ ದಶಕದಲ್ಲಿ ಕಾರಿನೊಳಗೆ ರೇಡಿಯೊ ಕೂಡ ಬಂತು.

ವಿಜ್ಞಾನದ ಗೀಳು ಹತ್ತಿದ್ದು ಎಲ್ಲಿಂದ?

ಸೋತ ಮೊಕದ್ದಮೆಯಿಂದ. 1907ರಲ್ಲಿ ಊರಿನಲ್ಲಿ ಒಬ್ಬಾತ ಸಯನೈಡ್‌ನಿಂದ ಸತ್ತು ಬಿದ್ದಿದ್ದ. ನೋಡಿದವರು ಆತ್ಮಹತ್ಯೆ ಎಂದರು, ವೋಲ್ಮರ್‌ಗೆ ಕೊಲೆಯ ಗುಮಾನಿ. ವಿಶ್ವವಿದ್ಯಾಲಯದ ಜೀವವಿಜ್ಞಾನಿ ಜಾಕ್ ಲೋಬ್ ಅವರ ಬಳಿಗೆ ಹೋಗಿ, ಈ ವಿಷ ದೇಹದಲ್ಲಿ ಏನು ಮಾಡುತ್ತದೆ ಎಂದು ಕೇಳಿದರು. ಗುಮಾನಿ ಗಟ್ಟಿಯಾಯಿತು, ಆದರೆ ಕೊಲೆ ಎಂದು ತೋರಿಸುವಷ್ಟು ಸಾಕ್ಷ್ಯ ಕೈಯಲ್ಲಿ ಉಳಿದಿರಲಿಲ್ಲ. ಆಸ್ಟ್ರಿಯಾದ ಹ್ಯಾನ್ಸ್ ಗ್ರಾಸ್ ಎಂಬ ನ್ಯಾಯಾಧೀಶರು ಅಪರಾಧ ತನಿಖೆಯ ಬಗ್ಗೆ ಬರೆದದ್ದನ್ನು ಓದಿ ಎಂದು ಲೋಬ್ ಸಲಹೆ ಕೊಟ್ಟರು. ಆ ಪುಸ್ತಕಗಳು ವೋಲ್ಮರ್ ಅವರ ದಾರಿಯನ್ನೇ ಬದಲಿಸಿದವು.

ಮರುವರ್ಷವೇ ಪೊಲೀಸ್ ಶಾಲೆ ಶುರುವಾಯಿತು. ಪಾಳಿ ಮುಗಿಸಿ ಬಂದ ಪೇದೆಗಳು ಕುಳಿತು ಸಾಕ್ಷ್ಯ ಕಾನೂನು, ಪ್ರಥಮ ಚಿಕಿತ್ಸೆ, ಛಾಯಾಚಿತ್ರ, ಬೆರಳಚ್ಚು ಕಲಿಯುತ್ತಿದ್ದರು. ಪಾಠ ಹೇಳಲು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬರುತ್ತಿದ್ದರು. 1916ರಲ್ಲಿ ಕಾನೂನು ಪ್ರಾಧ್ಯಾಪಕ ಅಲೆಕ್ಸಾಂಡರ್ ಮಾರ್ಸ್‌ಡನ್ ಕಿಡ್ ಅವರ ಜೊತೆಗೂಡಿ ವಿಶ್ವವಿದ್ಯಾಲಯದಲ್ಲೇ ಬೇಸಿಗೆ ತರಗತಿಗಳನ್ನು ಆರಂಭಿಸಿದರು. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಪೊಲೀಸ್ ಅಧಿಕಾರಿ ಆ್ಯಚರ್ಲಿ, ಅಪರಾಧಿಗಳನ್ನು ಅವರು ಕೆಲಸ ಮಾಡುವ ಚಾಳಿಯಿಂದಲೇ ಗುರುತಿಸುವ ಕಡತ ಪದ್ಧತಿ ರೂಪಿಸಿದ್ದರು: ಕಿಟಕಿಯಿಂದ ನುಗ್ಗುವವನೋ, ಬಾಗಿಲಿನಿಂದ ಬರುವವನೋ, ಒಳಗೆ ಬರಲು ಯಾವ ಕಥೆ ಕಟ್ಟುತ್ತಾನೆ, ಹೀಗೆ. ವೋಲ್ಮರ್ ಅದನ್ನು ತಿದ್ದಿ ಬರ್ಕ್ಲಿಯಲ್ಲಿ ಬಳಕೆಗೆ ತಂದರು.

ಥರ್ಡ್ ಡಿಗ್ರಿ ಬಗ್ಗೆ ಅವರ ನಿಲುವೇನು?

ತಮ್ಮ ಇಲಾಖೆಯಲ್ಲಿ ಅದಕ್ಕೆ ಜಾಗವೇ ಇಲ್ಲ ಎಂದಿದ್ದರು. ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಸಿಕೊಳ್ಳುವುದು ಆಗಿನ ಅಮೆರಿಕದ ಠಾಣೆಗಳಲ್ಲಿ ದಿನನಿತ್ಯದ ಸಂಗತಿ. ಹಾಗಾದರೆ ಬಾಯಿ ಬಿಡಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಅವರು ಸುಳ್ಳುಪತ್ತೆ ಯಂತ್ರದವರೆಗೆ ಹೋದರು.

ಸುಳ್ಳುಪತ್ತೆ ಯಂತ್ರ ಕಂಡುಹಿಡಿದವರು ವೋಲ್ಮರ್ ಅವರೇ?

ಅಲ್ಲ. ಕಟ್ಟಿದವರು ಅವರ ಕೈಕೆಳಗಿನ ಪೇದೆ ಜಾನ್ ಲಾರ್ಸನ್. ಶರೀರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಪೇದೆ! ವಿಲಿಯಂ ಮಾರ್ಸ್‌ಟನ್ ಎಂಬ ಮನಶ್ಶಾಸ್ತ್ರಜ್ಞ, ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆ ಎಂದು ಮೊದಲೇ ಬರೆದಿದ್ದರು. ರಕ್ತದೊತ್ತಡವನ್ನೂ ಉಸಿರಾಟವನ್ನೂ ಬಿಡದೆ ದಾಖಲಿಸುತ್ತ ಹೋಗುವ ಯಂತ್ರವನ್ನು ಲಾರ್ಸನ್ 1921ರಲ್ಲಿ ಜೋಡಿಸಿದರು. ತೋಳಿಗೆ ಪಟ್ಟಿ, ಎದೆಗೆ ಕೊಳವೆ. ಮಸಿ ಹಿಡಿಸಿದ ಕಾಗದ ಸುತ್ತುತ್ತಿದ್ದಂತೆ ಅದರ ಮೇಲೆ ಸೂಜಿ ಬಿಳಿಯ ಗೆರೆ ಕೊರೆಯುತ್ತ ಹೋಗುತ್ತಿತ್ತು.

ಹೆಸರು ಮಾಡಿದ ಮೊದಲ ಪ್ರಕರಣ ವಿಶ್ವವಿದ್ಯಾಲಯದ ಹುಡುಗಿಯರ ವಸತಿಗೃಹದ್ದು. ಹಣ, ಒಡವೆ ಕಳುವಾಗುತ್ತಿದ್ದವು. ಲಾರ್ಸನ್ ಅಲ್ಲಿದ್ದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಒಂದೇ ಬಗೆಯ ಪ್ರಶ್ನೆ ಕೇಳಿದರು. ಒಬ್ಬಾಕೆಯ ಗೆರೆಗಳು ಏರುಪೇರಾದವು, ಆಕೆ ಸಿಡುಕಿ ಎದ್ದು ಹೋದಳು, ಆಮೇಲೆ ಒಪ್ಪಿಕೊಂಡಳು. ಪರೀಕ್ಷೆಗೆ ಕುಳಿತಿದ್ದ ಇನ್ನೊಬ್ಬ ಹುಡುಗಿಯನ್ನು ಲಾರ್ಸನ್ ಮುಂದೆ ಮದುವೆಯಾದರು. ಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಎಲ್ಲಿ ಸಿಗಬೇಕು?

ಆ ಯಂತ್ರವನ್ನು ನ್ಯಾಯಾಲಯ ಒಪ್ಪಿತೇ?

ಒಪ್ಪಲಿಲ್ಲ. 1923ರ ಫ್ರೈ ಪ್ರಕರಣದಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಮಾರ್ಸ್‌ಟನ್ ನಡೆಸಿದ್ದ ರಕ್ತದೊತ್ತಡದ ಪರೀಕ್ಷೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. ಆ ವಿದ್ಯೆಯನ್ನು ಬಲ್ಲವರ ವಲಯವೇ ಅದನ್ನು ಇನ್ನೂ ಒಪ್ಪಿಲ್ಲ ಎಂಬುದು ಅದರ ತರ್ಕ. ಲಾರ್ಸನ್‌ಗೂ ವಯಸ್ಸಾದಂತೆ ತಮ್ಮ ಯಂತ್ರದ ಮೇಲೆ ಬೇಸರ ಬಂತು. ಅದನ್ನು ವ್ಯಾಪಾರಕ್ಕಿಳಿಸಿ ದೇಶಾದ್ಯಂತ ಹಬ್ಬಿಸಿದವರು ವೋಲ್ಮರ್ ಗರಡಿಯಲ್ಲೇ ಪಳಗಿದ ಲಿಯೊನಾರ್ಡ್ ಕೀಲರ್.

ಕನ್ನಡಿಗರಿಗೆ ಈ ಯಂತ್ರದ ಮುಂದಿನ ಕಥೆ ಗೊತ್ತಿರಬೇಕಾದದ್ದೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ಕೊಟ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಸುಳ್ಳುಪತ್ತೆ, ಮಂಪರು ಅಥವಾ ಮಿದುಳು ನಕ್ಷೆ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ಏಟಿನ ಬದಲು ಬಂದ ಯಂತ್ರವನ್ನೂ ಬಲವಂತದ ಸಾಲಿಗೇ ಸೇರಿಸಿದ ತೀರ್ಪು ಅದು. ವೋಲ್ಮರ್ ಇದ್ದಿದ್ದರೆ ಇದನ್ನು ಒಪ್ಪಿಕೊಳ್ಳಲು ಕಷ್ಟಪಡುತ್ತಿದ್ದರು ಎಂಬುದು ನನ್ನ ಊಹೆ.

‘ಕಾಲೇಜು ಪೊಲೀಸರು’ ಎಂದರೆ ಯಾರು?

ವೋಲ್ಮರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೇ ಪೇದೆಗಳಾಗಿ ಸೇರಿಸಿಕೊಳ್ಳುತ್ತಿದ್ದರು. ಹಗಲು ತರಗತಿ, ರಾತ್ರಿ ಗಸ್ತು. ಸೇರುವವರಿಗೆ ಬುದ್ಧಿಮತ್ತೆಯ ಪರೀಕ್ಷೆ, ಮನೋವೈದ್ಯರಿಂದ ತಪಾಸಣೆ. ಬೇರೆ ಊರುಗಳ ಪೊಲೀಸರು ಇದನ್ನು ಗೇಲಿ ಮಾಡುತ್ತಿದ್ದರು. ಆದರೆ ಆ ಸಾಲಿನಿಂದ ಬಂದವರನ್ನು ನೋಡಿ. 1921ರಲ್ಲಿ ಸೇರಿದ ಓ. ಡಬ್ಲ್ಯು. ವಿಲ್ಸನ್ ವಿಚಿಟಾ ನಗರದ ಪೊಲೀಸ್ ಮುಖ್ಯಸ್ಥರಾಗಿ, ಬರ್ಕ್ಲಿಯ ಅಪರಾಧಶಾಸ್ತ್ರ ಶಾಲೆಯ ಡೀನ್ ಆಗಿ, 1960ರಲ್ಲಿ ಶಿಕಾಗೊ ಪೊಲೀಸಿನ ಚುಕ್ಕಾಣಿ ಹಿಡಿದರು. ಇನ್ನೊಬ್ಬ ವಿದ್ಯಾರ್ಥಿ ಪೇದೆ ವಿಲಿಯಂ ಡೀನ್ ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಮೇಜರ್ ಜನರಲ್.

ನನಗೆ ಎಲ್ಲರಿಗಿಂತ ಕುತೂಹಲ ಹುಟ್ಟಿಸುವವರು ವಾಲ್ಟರ್ ಗಾರ್ಡನ್. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ತಾರೆ, ಕಪ್ಪು ವರ್ಣೀಯ. 1919ರಲ್ಲಿ ವೋಲ್ಮರ್ ಅವರನ್ನು ಬರ್ಕ್ಲಿಯ ಮೊದಲ ಕಪ್ಪು ಪೇದೆಯಾಗಿ ನೇಮಿಸಿಕೊಂಡರು. ಬಿಳಿಯ ಪೇದೆಗಳಲ್ಲಿ ಕೆಲವರು ರಾಜೀನಾಮೆಯ ಬೆದರಿಕೆ ಹಾಕಿದಾಗ, ಹೋಗುವವರು ಹೋಗಬಹುದು ಎಂದು ಮುಖ್ಯಸ್ಥರು ಹೇಳಿದರಂತೆ. ಗಾರ್ಡನ್ ಗಸ್ತು ತಿರುಗುತ್ತಲೇ ಕಾನೂನು ಪದವಿ ಮುಗಿಸಿದರು. 1955ರಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳ ಗವರ್ನರ್ ಆದರು, ಆಮೇಲೆ ಅಲ್ಲಿಯೇ ಫೆಡರಲ್ ನ್ಯಾಯಾಧೀಶರಾದರು.

ಇಲಾಖೆಯೊಳಗೆ ಅವರು ಎಂಥ ಮೇಲಧಿಕಾರಿ?

ಶುಕ್ರವಾರದ ಸಭೆಗಳ ಬಗ್ಗೆ ಹೇಳಿದರೆ ಸಾಕು. ವಾರಕ್ಕೊಮ್ಮೆ ಎಲ್ಲರೂ ಸೇರಿ ಯಾರ ಮೇಲೆ ಏನು ದೂರಿದೆಯೋ ಅದನ್ನು ಅವರ ಮುಖದೆದುರೇ ಹೇಳಬೇಕು. ಮುಖ್ಯಸ್ಥರ ಮೇಲಿನ ದೂರೂ ಇದಕ್ಕೆ ಹೊರತಲ್ಲ. ಸಭೆಯಿಂದ ಎದ್ದ ಮೇಲೆ ಬೆನ್ನ ಹಿಂದೆ ಗೊಣಗುವಂತಿಲ್ಲ. ಗೊಣಗುವವರ ಕೂಟ ಎಂದೇ ಆ ಸಭೆಗೆ ಅಡ್ಡಹೆಸರು. ಸೆಲ್ಯೂಟಿನ ಮೇಲೆಯೇ ನಿಂತಿರುವ ಇಲಾಖೆಗಳಲ್ಲಿ ಇಂದಿಗೂ ಇಂಥದ್ದು ನಡೆಯುವುದು ಕಷ್ಟ.

ಲಾಸ್ ಏಂಜಲೀಸ್‌ನಲ್ಲಿ ಏನಾಯಿತು?

1923ರ ಆಗಸ್ಟ್‌ನಲ್ಲಿ ಬರ್ಕ್ಲಿಯಿಂದ ಒಂದು ವರ್ಷ ರಜೆ ಪಡೆದು ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥರಾಗಿ ಹೋದರು. ಪಾನನಿರೋಧದ ಕಾಲ, ಕಳ್ಳಭಟ್ಟಿ, ಜೂಜು, ರಾಜಕಾರಣ, ಪೊಲೀಸ್ ಒಂದೇ ಬಳ್ಳಿಯ ಕಾಯಿಗಳು. ವೋಲ್ಮರ್ ತರಬೇತಿ ಹೆಚ್ಚಿಸಿದರು, ಪೇದೆಗಳಿಗೆ ಬುದ್ಧಿಮತ್ತೆಯ ಪರೀಕ್ಷೆ ಇಟ್ಟರು, ದರೋಡೆ ಹೆಚ್ಚಿರುವ ಕಡೆ ಒಮ್ಮೆಗೇ ನುಗ್ಗುವ ತಂಡ ಕಟ್ಟಿದರು, ಇಲಾಖೆಯ ಕುಂದುಕೊರತೆಗಳ ಬಗ್ಗೆ ಉದ್ದನೆಯ ವರದಿ ಬರೆದಿಟ್ಟರು.

ಬೇರು ಮಾತ್ರ ಅಲುಗಲಿಲ್ಲ. ಬರ್ಕ್ಲಿಯಂಥ ವಿದ್ಯಾವಂತರ ಸಣ್ಣ ಊರಿನಲ್ಲಿ ಒಬ್ಬ ಪ್ರಾಮಾಣಿಕ ಮುಖ್ಯಸ್ಥ ಮನಸ್ಸು ಮಾಡಿದರೆ ಸಾಕಾಗುತ್ತಿತ್ತು. ದೊಡ್ಡ ನಗರದಲ್ಲಿ ಪೊಲೀಸರ ಕೀಲಿಕೈ ರಾಜಕಾರಣಿಗಳ ಜೇಬಿನಲ್ಲಿತ್ತು. ಅವರು ಹೊರಡುವ ದಿನ ಹತ್ತಿರವಾದಂತೆ, ಸೆಪ್ಟೆಂಬರ್ ಒಂದಕ್ಕೆ ಆಗಸ್ಟ್ ಕೊನೆಯಾಗಲಿದೆ ಎಂಬ ಕುಚೋದ್ಯ ಊರಿನಲ್ಲಿ ಹರಿದಾಡಿತು. ವರ್ಷ ತುಂಬುತ್ತಲೇ ವೋಲ್ಮರ್ ಬರ್ಕ್ಲಿಗೆ ಮರಳಿದರು.

ಹೊರಗಿನ ಊರುಗಳಿಗೂ ಸಲಹೆ ಕೊಡುತ್ತಿದ್ದರೇ?

ಹೌದು. 1921ರಲ್ಲಿ ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷರಾದ ಮೇಲಂತೂ ಕರೆಗಳಿಗೆ ಕೊನೆಯಿರಲಿಲ್ಲ. ಕ್ಯೂಬಾದ ಹವಾನಾ, ಕಾನ್ಸಸ್ ಸಿಟಿ ಹೀಗೆ ಹಲವು ಕಡೆ ಹೋಗಿ ಪೊಲೀಸ್ ವ್ಯವಸ್ಥೆ ಪರಿಶೀಲಿಸಿದರು. ದೇಶದ ಕಾನೂನು ಪಾಲನೆಯನ್ನು ಪರಿಶೀಲಿಸಲು ಅಧ್ಯಕ್ಷ ಹೂವರ್ 1929ರಲ್ಲಿ ನೇಮಿಸಿದ ವಿಕರ್‌ಶ್ಯಾಮ್ ಆಯೋಗಕ್ಕಾಗಿ, ಪೊಲೀಸ್ ಕುರಿತ 1931ರ ವರದಿಯನ್ನು ರೂಪಿಸಿದವರಲ್ಲಿ ಅವರೇ ಪ್ರಮುಖರು. ಪೊಲೀಸ್ ಮುಖ್ಯಸ್ಥರನ್ನು ರಾಜಕಾರಣಿಗಳು ಬೇಕೆಂದಾಗ ಎತ್ತಂಗಡಿ ಮಾಡುವುದೇ ಇಲಾಖೆಗಳ ದುರವಸ್ಥೆಗೆ ಮೊದಲ ಕಾರಣ ಎಂದು ಅದರಲ್ಲಿ ಹೇಳಲಾಗಿದೆ. ವರ್ಗಾವಣೆಯ ದಂಧೆಯನ್ನು ಕಣ್ಣಾರೆ ಕಂಡ ನಮ್ಮವರಿಗೆ ಆ ಪುಟಗಳಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ.

ಮಾದಕ ವಸ್ತುಗಳ ಬಗ್ಗೆ ಅವರ ಮಾತು ಈಗ ಏಕೆ ಮತ್ತೆ ಮತ್ತೆ ಉದ್ಧರಿಸಲ್ಪಡುತ್ತದೆ?

ಒಬ್ಬ ಪೊಲೀಸ್ ಮುಖ್ಯಸ್ಥರಿಂದ ಯಾರೂ ನಿರೀಕ್ಷಿಸದ ಮಾತು ಅದು. 1936ರ ತಮ್ಮ ಪುಸ್ತಕದಲ್ಲಿ ಅವರು, ಮಾದಕ ವಸ್ತುವಿನ ಚಟ ಪೊಲೀಸರು ಬಗೆಹರಿಸುವ ಸಮಸ್ಯೆಯೇ ಅಲ್ಲ, ಮೊದಲಿನಿಂದಲೂ ಅದು ವೈದ್ಯರ ಸಮಸ್ಯೆ ಎಂದು ಬರೆದರು. ಕಠಿಣ ಕಾನೂನು, ದಾಳಿ, ಜೈಲು ಇವುಗಳಿಂದ ಚಟ ಹೋಗುವುದಿಲ್ಲ, ಕಳ್ಳದಂಧೆ ಕೊಬ್ಬುತ್ತದೆ, ಪೊಲೀಸರು ಕೆಡುತ್ತಾರೆ ಎಂಬುದು ಅವರ ವಾದ. ಚಟಕ್ಕೆ ಬಿದ್ದವರಿಗೆ ಸರ್ಕಾರವೇ ಅಸಲು ಬೆಲೆಗೆ ಕೊಟ್ಟರೆ ದಂಧೆಯ ಲಾಭವೇ ಇಲ್ಲವಾಗುತ್ತದೆ ಎಂದೂ ಸೂಚಿಸಿದ್ದರು. ಕುಡಿತ, ಜೂಜು, ವೇಶ್ಯಾವಾಟಿಕೆಗಳ ವಿಷಯದಲ್ಲೂ ಪೊಲೀಸರನ್ನು ನೀತಿಯ ಕಾವಲಿಗೆ ನಿಲ್ಲಿಸುವುದು ಅವರಿಗೆ ಇಷ್ಟವಿರಲಿಲ್ಲ. ಮರಣದಂಡನೆಗೂ ಅವರ ವಿರೋಧವಿತ್ತು.

ಜೊತೆಗೆ, ಅಪರಾಧ ನಡೆದ ಮೇಲೆ ಓಡುವುದಕ್ಕಿಂತ ಮಕ್ಕಳು ಹಾದಿ ತಪ್ಪದಂತೆ ನೋಡಿಕೊಳ್ಳುವುದು ಮೇಲು ಎಂದು ನಂಬಿದ್ದರು. ಶಾಲೆ, ಆರೋಗ್ಯ, ಸಮಾಜಸೇವೆಯವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುತ್ತಿದ್ದರು. 1925ರಲ್ಲಿ ಎಲಿಜಬೆತ್ ಲಾಸಿಂಗ್ ಎಂಬ ಸಮಾಜಸೇವಕಿಯನ್ನು ಇಲಾಖೆಗೆ ಕರೆತಂದು ಅಪರಾಧ ತಡೆ ವಿಭಾಗವನ್ನು ಅವರ ಕೈಗೆ ಕೊಟ್ಟರು.

ಅವರ ಮೇಲಿನ ಟೀಕೆಗಳೇನು?

ಮೂರು ಮುಖ್ಯವಾದವು. ಮೊದಲನೆಯದು ಫಿಲಿಪ್ಪೀನ್ಸ್. ಸಮಾಜಶಾಸ್ತ್ರಜ್ಞ ಜೂಲಿಯನ್ ಗೋ ಮೊದಲಾದವರ ಪ್ರಕಾರ, ವಸಾಹತಿನಲ್ಲಿ ಬಂಡಾಯ ಅಡಗಿಸಲು ಬಳಸಿದ ಸೇನಾ ತಂತ್ರಗಳನ್ನೇ ವೋಲ್ಮರ್ ಊರಿನ ಪೊಲೀಸಿಗೆ ತಂದರು: ಚುರುಕಾಗಿ ಚಲಿಸುವ ತುಕಡಿಗಳು, ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಅಪರಾಧ ಎಲ್ಲಿ ಎಂದು ಗುರುತಿಸುವುದು, ಗುಂಪು ಕಟ್ಟಿ ನುಗ್ಗುವುದು. ಯುದ್ಧದ ದಿನಗಳಿಂದ ಕಲಿತ ಸೇನಾ ತಂತ್ರ ಕಳ್ಳರನ್ನು ಹಿಡಿಯಲು ಉಪಯೋಗಕ್ಕೆ ಬಂತು ಎಂದು ವೋಲ್ಮರ್ ತಾವೇ ಹೇಳಿಕೊಂಡಿದ್ದರಿಂದ ಈ ಟೀಕೆಯನ್ನು ತಳ್ಳಿಹಾಕುವಂತಿಲ್ಲ.

ಎರಡನೆಯದು ಪಠ್ಯಕ್ರಮ. ಬರ್ಕ್ಲಿಯ ಪೊಲೀಸ್ ಶಾಲೆಯ ವಿಷಯಗಳ ಪಟ್ಟಿಯಲ್ಲಿ ಸುಸಂತಾನಶಾಸ್ತ್ರ (‘ಒಳ್ಳೆಯ’ ವಂಶದವರಷ್ಟೇ ಮಕ್ಕಳನ್ನು ಹೆರಬೇಕು ಎನ್ನುವ ವಾದ), ಜನಾಂಗಗಳ ಅವನತಿ ಎಂಬಂಥವೂ ಇದ್ದವು. ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ಇದು ವಿಜ್ಞಾನವೆಂದೇ ನಡೆಯುತ್ತಿತ್ತು ಎನ್ನಬಹುದು. ಆದರೆ ಅದನ್ನು ಕಲಿತವರು ಕೋವಿ ಹಿಡಿದು ಬೀದಿಗೆ ಹೋಗುವವರು. ಗಾರ್ಡನ್ ಅವರನ್ನು ನೇಮಿಸಿಕೊಂಡವರೂ ಈ ಪಾಠ ಇಡಿಸಿದವರೂ ಒಬ್ಬರೇ ಎಂಬುದನ್ನು ಮರೆಯುವಂತಿಲ್ಲ, ಮರೆಸಲೂ ಬಾರದು.

ಮೂರನೆಯದು ಕಾರು. ಕಾರು ಹತ್ತಿದ ಪೇದೆ ಬೇಗ ತಲುಪಿದ, ಆದರೆ ಅಂಗಡಿಯವನ, ಹಾಲಿನವನ, ಬೀದಿ ಮಕ್ಕಳ ಪರಿಚಯ ಕಳೆದುಕೊಂಡ ಎಂಬ ಮಾತು.

ಇಂದಿನ ಅಮೆರಿಕದ ಪೊಲೀಸ್ ಹೀಗಿರುವುದಕ್ಕೆ ಅವರೇ ಹೊಣೆಯೇ?

ಅರ್ಧ ಹೊಣೆ ಎನ್ನುತ್ತೇನೆ. ವೋಲ್ಮರ್ ಕೊಟ್ಟದ್ದರಲ್ಲಿ ದುಡ್ಡು ಕೊಟ್ಟರೆ ಸಿಗುವಂಥದ್ದನ್ನೆಲ್ಲ ದೇಶ ಎರಡೂ ಕೈಯಲ್ಲಿ ಬಾಚಿಕೊಂಡಿತು: ಕಾರು, ರೇಡಿಯೊ, ಪ್ರಯೋಗಾಲಯ, ಯಂತ್ರ, ಕಡತ. ಚಟವನ್ನು ವೈದ್ಯರಿಗೆ ಬಿಡಿ, ಸಮಾಜಸೇವಕಿಗೆ ಇಲಾಖೆಯಲ್ಲಿ ಅಧಿಕಾರ ಕೊಡಿ, ಮುಖ್ಯಸ್ಥನನ್ನು ಎದುರಿಗೇ ಬೈಯಲು ಪೇದೆಗೆ ಅವಕಾಶ ಕೊಡಿ ಎಂದದ್ದನ್ನು ಕೇಳಿಸಿಕೊಂಡವರು ಕಡಿಮೆ. ಪೇದೆಗೆ ಪದವಿ ಬೇಕು ಎಂಬುದನ್ನೂ ಅಲ್ಲಿನ ಬಹುಪಾಲು ಇಲಾಖೆಗಳು ಇಂದಿಗೂ ಕಡ್ಡಾಯ ಮಾಡಿಲ್ಲ. ಬರ್ಕ್ಲಿಯಲ್ಲೇ 1950ರಲ್ಲಿ ಆರಂಭವಾದ ಅಪರಾಧಶಾಸ್ತ್ರ ಶಾಲೆಯನ್ನು ವಿಶ್ವವಿದ್ಯಾಲಯ 1976ರಲ್ಲಿ ಮುಚ್ಚಿತು.

ಕೊನೆಯ ದಿನಗಳು ಹೇಗಿದ್ದವು?

ಎರಡನೆಯ ಪತ್ನಿ ಮಿಲಿಸೆಂಟ್ 1946ರಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಪಾರ್ಕಿನ್‌ಸನ್ ಕಾಯಿಲೆಯ ಜೊತೆಗೆ ಕ್ಯಾನ್ಸರ್ ಕೂಡ ಬಂತು. 1955ರ ನವೆಂಬರ್ 4ರಂದು, 79ನೇ ವಯಸ್ಸಿನಲ್ಲಿ, ಬರ್ಕ್ಲಿಯ ತಮ್ಮ ಮನೆಯಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಅವರ ಹೆಸರಿನಲ್ಲಿ ಇಂದು ಏನಿದೆ?

ಬರ್ಕ್ಲಿಯ ಹಿಂದಿನ ಬೆಟ್ಟಸಾಲಿನಲ್ಲಿ ಸುಮಾರು 1,900 ಅಡಿ ಎತ್ತರದ ವೋಲ್ಮರ್ ಶಿಖರವಿದೆ. ಇದು ಪೊಲೀಸ್ ಕೆಲಸಕ್ಕಾಗಿ ಮಾತ್ರ ಬಂದ ಹೆಸರಲ್ಲ; 1934ರಲ್ಲಿ ಅಲ್ಲಿನ ಪ್ರಾದೇಶಿಕ ಉದ್ಯಾನ ಮಂಡಳಿ ಸ್ಥಾಪನೆಯಾದಾಗ ಮೊದಲ ನಿರ್ದೇಶಕರಲ್ಲಿ ಅವರೂ ಒಬ್ಬರು. ಅಮೆರಿಕದ ಅಪರಾಧಶಾಸ್ತ್ರ ಸಂಘಕ್ಕೆ 1941ರಲ್ಲಿ ಬೀಜ ಬಿದ್ದದ್ದು ಅವರ ಮನೆಯಲ್ಲಿ ನಡೆದ ಸಭೆಯಲ್ಲಿ. ಆ ಸಂಘ ಅವರ ಹೆಸರಿನ ಪ್ರಶಸ್ತಿ ಕೊಡುತ್ತದೆ. ಪತ್ರಗಳೂ ಕಾಗದಗಳೂ ಬರ್ಕ್ಲಿ ವಿಶ್ವವಿದ್ಯಾಲಯದ ಬ್ಯಾಂಕ್ರಾಫ್ಟ್ ಗ್ರಂಥಾಲಯದಲ್ಲಿವೆ. ಬೆಟ್ಟ ಹತ್ತುವ ಆಸೆಯುಳ್ಳವರಿಗೆ ಒಂದು ಮಾತು: ಶಿಖರಕ್ಕೆ ಟಿಲ್ಡನ್ ಉದ್ಯಾನದ ಕಡೆಯಿಂದ ದಾರಿಯಿದೆ.